ಎರಡನೆಯದು ಎಲ್ಲಿಂದ ಬಂತು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ನ್ಯಾಯಾಧೀಶರಾದ ವಾರನ್ ಸ್ಟೆಗಾಲ್ ಅವರೇ, ವೇದಿಕೆಯ ಮೇಲಿರುವ ಜಿಲ್ಲಾ ವಕೀಲರ ಸಂಘದ ಪದಾಧಿಕಾರಿಗಳೇ, ಮೂವತ್ತಾರು ವರ್ಷ ನನ್ನೊಂದಿಗೆ ಜಗಳವಾಡಿ ಇಂದು ಹೂಗುಚ್ಛ ಹಿಡಿದು ಬಂದಿರುವ ಅಭಿಯೋಜಕ ಮಿತ್ರರೇ, ಹಿಂದಿನ ಮೇಜುಗಳಲ್ಲಿ ಕುಳಿತಿರುವ ನನ್ನ ಹಳೆಯ ಕಕ್ಷಿದಾರರೇ, ಮತ್ತು ಶುಕ್ರವಾರದ ಸಂಜೆಯನ್ನು ಒಬ್ಬ ವಕೀಲೆಯ ಮಾತು ಕೇಳಲು ಮೀಸಲಿಟ್ಟಿರುವ ಧೈರ್ಯಶಾಲಿ ಸಭಿಕರೇ,

ನನ್ನ ನಿವೃತ್ತಿಗೆ ನೀವು ಏರ್ಪಡಿಸಿರುವ ಈ ಸನ್ಮಾನಕ್ಕೆ ನಾನು ಋಣಿ. ನನಗೆ ಕೊಟ್ಟ ಫಲಕದಲ್ಲಿ ‘ದನಿಯಿಲ್ಲದವರ ದನಿ ನೊರೀನ್ ಪ್ರೂಯಿಟ್’ ಎಂದು ಕೆತ್ತಿಸಿದ್ದೀರಿ. ನನ್ನ ತಂಗಿ ಇದನ್ನು ನೋಡಿ, ‘ನಿನ್ನ ದನಿ ಮೊದಲಿನಿಂದಲೂ ಜೋರೇ, ಅದಕ್ಕೊಂದು ಹಲಗೆ ಬೇಕಿತ್ತಾ?’ ಎಂದಳು. ಸಂಘದ ಕಾರ್ಯದರ್ಶಿಗಳು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಹದಿನೈದು ನಿಮಿಷ! ಕಾಸಿಲ್ಲದವರ ಪರ ವಾದಿಸುವ ಸರಕಾರಿ ವಕೀಲೆಗೆ ಇದು ಭಾರಿ ಐಶ್ವರ್ಯ. ಒಬ್ಬ ಮನುಷ್ಯನ ಹಣೆಬರಹವನ್ನು ನಾವು ನಾಲ್ಕು ನಿಮಿಷದಲ್ಲಿ ಮುಗಿಸುತ್ತಿದ್ದ ಕಾಲವೊಂದಿತ್ತು. ನಾನು ತಮಾಷೆ ಮಾಡುತ್ತಿಲ್ಲ. ಅಧ್ಯಕ್ಷರು ಆಗ ಎದುರು ಪಕ್ಷದಲ್ಲಿದ್ದರು, ಬೇಕಾದರೆ ಅವರನ್ನೇ ಕೇಳಿ.

ನಾನು ಮೂರು ಪುಟ ಬರೆದು ತಂದಿದ್ದೇನೆ. ಮೊದಲ ಪುಟದಲ್ಲಿ ಹಳೆಯ ಕೋರ್ಟಿನ ನೆನಪುಗಳಿವೆ. ಯುವ ವಕೀಲರಿಗೆ ಆ ಕಟ್ಟಡ ಗೊತ್ತಿಲ್ಲ, ಈಗ ಅಲ್ಲಿ ವಾಹನ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ನೂರಹತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಒಂದೇ ಒಂದು ತಂಪು ಹವೆಯ ಯಂತ್ರ, ಅದೂ ನ್ಯಾಯಾಧೀಶರ ಬೆನ್ನಿಗೆ. ಆದರೆ ಶುಕ್ರವಾರ ಬಂತೆಂದರೆ ಆ ಕಟ್ಟಡಕ್ಕೆ ಹಬ್ಬ. ಗುಮಾಸ್ತೆ ಬರ್ನೀಸ್ ಮನೆಯಿಂದ ನಿಂಬೆ ಪೈ ಮಾಡಿ ತರುತ್ತಿದ್ದಳು, ಮೇಲೆ ಬೆಳ್ಳಗೆ ನೊರೆ ಕಟ್ಟಿದ, ಒಲೆಯಲ್ಲಿ ಬೇಯಿಸಿದ ಸಿಹಿ ಪೈ. ಶುಕ್ರವಾರ ತಪ್ಪೊಪ್ಪಿಗೆಗಳ ದಿನ, ಆರೋಪಿ ತಪ್ಪು ಒಪ್ಪಿಕೊಂಡರೆ ವಿಚಾರಣೆಯಿಲ್ಲದೆ ಪ್ರಕರಣ ಮುಗಿಯಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಯಾವ ವಕೀಲರು ಅತಿ ಹೆಚ್ಚು ಪ್ರಕರಣ ಮುಗಿಸುತ್ತಾರೋ ಅವರಿಗೆ ಪೈಯ ಮೊದಲ ತುಂಡು. ಕಾಗದದ ತಟ್ಟೆಯಲ್ಲಿ ಒಂದು ತುಂಡು, ಜೊತೆಗೆ ಚಪ್ಪಾಳೆ. ಅದಕ್ಕಾಗಿ ನಾವು ಎಷ್ಟು ಪೈಪೋಟಿ ನಡೆಸುತ್ತಿದ್ದೆವು ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ನಗು ಬರುತ್ತದೆ ಎಂದು ಇಲ್ಲಿ ಬರೆದಿದ್ದೇನೆ. ಇರಲಿ.

ಎರಡನೆಯ ಪುಟಕ್ಕೆ ಬರುತ್ತೇನೆ. ನನ್ನ ವೃತ್ತಿಜೀವನದ ಅತ್ಯಂತ ಸಂತೋಷದ ದಿನ ಯಾವುದು ಎಂದು ಪತ್ರಿಕೆಯವರು ಕೇಳಿದ್ದರು. ಕಳೆದ ವರ್ಷದ ಮಾರ್ಚ್ ತಿಂಗಳ ಒಂದು ಬುಧವಾರ ಎಂದು ಹೇಳಿದೆ. ಆ ದಿನ ಎಫ್ರೆನ್ ಬರಾಗಾನ್ ಹದಿನೇಳು ವರ್ಷದ ಮೇಲೆ ಜೈಲಿನ ಬಾಗಿಲಿನಿಂದ ಹೊರಗೆ ಬಂದ. ಒಂಬತ್ತನೆಯ ಮೇಜಿನಲ್ಲಿ ಬಿಳಿ ಅಂಗಿ ತೊಟ್ಟು, ಯಾರೂ ತನ್ನನ್ನು ನೋಡದಿದ್ದರೆ ಸಾಕು ಎಂಬಂತೆ ಕುಳಿತಿರುವವನೇ ಎಫ್ರೆನ್. ಪಕ್ಕದಲ್ಲಿ ನೀಲಿ ಶಾಲು ಹೊದ್ದವರು ಅವನ ತಾಯಿ ಓಫೆಲಿಯಾ. ಎಂಬತ್ತೊಂದು ವರ್ಷ. ನಲವತ್ತು ವರ್ಷ ಟೊಮ್ಯಾಟೊ ಆರಿಸುವ ಶೆಡ್ಡಿನಲ್ಲಿ ನಿಂತು ದುಡಿದವರು.

ಎಫ್ರೆನ್ ಮಾಡಿದ ತಪ್ಪೇನು? ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಅವನು ಹಿತ್ತಿಲ ಬಾಗಿಲಿನಿಂದ ಒಂದು ಮನೆಗೆ ನುಗ್ಗಿದ. ಆ ಮನೆಯ ನಡುವೆ ಒಂದು ಗೋಡೆ, ಆಚೆ ಒಬ್ಬ ಬಾಡಿಗೆದಾರ, ಈಚೆ ಒಬ್ಬ. ಒಂದು ಕಡೆ ರೇಡಿಯೋ ಎತ್ತಿದ, ಆಚೆಯ ಬಾಗಿಲಿನಿಂದ ನುಗ್ಗಿ ಮೀನು ಹಿಡಿಯುವ ಕೋಲು ಎತ್ತಿದ. ಆ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಹಾಡುಹಗಲೇ ಪೇಟೆಯ ಬೀದಿಯಲ್ಲಿ ನಡೆದುಹೋಗುತ್ತಿದ್ದವನನ್ನು ಪೊಲೀಸರು ಹಿಡಿದರು. ಕಳ್ಳತನದಲ್ಲಿ ಅವನಿಗೆ ಯಾವ ಭವಿಷ್ಯವೂ ಇಲ್ಲ ಎಂಬುದು ಅಂದೇ ಗೊತ್ತಾಗಿತ್ತು. ಎರಡು ಬಾಗಿಲು, ಇಬ್ಬರು ಬಾಡಿಗೆದಾರರು, ಹಾಗಾಗಿ ಆರೋಪವೂ ಎರಡು. ಎರಡನ್ನೂ ಒಪ್ಪಿಕೊಂಡ. ಎರಡಕ್ಕೂ ಎರಡೆರಡು ವರ್ಷ, ಅಕ್ಕಪಕ್ಕದಲ್ಲಿ ಒಟ್ಟೊಟ್ಟಿಗೇ ಓಡುವ ಶಿಕ್ಷೆ, ಅಂದರೆ ಒಟ್ಟು ಎರಡೇ ವರ್ಷ. ಅರ್ಧ ಕಳೆದು ಮನೆಗೆ ಬಂದ. ಇದು ಸಾವಿರದ ಒಂಬೈನೂರ ಎಂಬತ್ತಾರರ ಮಾತು. ಆಗ ಅವನ ವಕೀಲೆ ನಾನೇ.

ಎಂಟು ವರ್ಷದ ಮೇಲೆ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮೂರನೆಯ ತಪ್ಪಿನ ಕಾಯ್ದೆ ಬಂತು. ಅದಕ್ಕೆ ಮತ ಹಾಕಿದವರು ರಾಕ್ಷಸರಲ್ಲ. ಮಗಳನ್ನು ಕಳೆದುಕೊಂಡವರಿದ್ದರು, ಮೂರು ಸಲ ಮನೆಯ ಬೀಗ ಒಡೆಸಿಕೊಂಡವರಿದ್ದರು, ಹೆದರಿದವರಿದ್ದರು. ನನ್ನ ಗಂಡನೇ ನಮ್ಮ ಅಂಗಳದಲ್ಲಿ ಆ ಕಾಯ್ದೆಯ ಪರ ಹಲಗೆ ನೆಟ್ಟಿದ್ದ. ನಮ್ಮ ವಿಚ್ಛೇದನಕ್ಕೆ ಕಾರಣ ಅದಲ್ಲ, ಅವನ ಗೊರಕೆ. ಆದರೆ ಕಾಯ್ದೆಯ ಲೆಕ್ಕ ಕೇಳಿ. ಹಳೆಯ ಗಂಭೀರ ಅಪರಾಧ ಒಂದಿದ್ದರೆ, ಮನೆಗಳ್ಳತನವೂ ಅದರಲ್ಲಿ ಸೇರಿದೆ, ಹೊಸ ಅಪರಾಧಕ್ಕೆ ಎರಡರಷ್ಟು ಶಿಕ್ಷೆ. ಹಳೆಯದು ಎರಡಿದ್ದರೆ? ಆಗ ಮೂರನೆಯದು ಜೈಲಿಗೆ ಕಳಿಸಬಹುದಾದ ಎಷ್ಟೇ ಸಣ್ಣ ಅಪರಾಧವಾಗಿರಲಿ, ಇಪ್ಪತ್ತೈದು ವರ್ಷದಿಂದ ಸಾಯುವವರೆಗೆ. ಷರತ್ತಿನ ಮೇಲೆ ಬಿಡುಗಡೆ ಕೊಡಿ ಎಂದು ಪೆರೋಲ್ ಮಂಡಳಿಯ ಮುಂದೆ ಬಾಯಿ ತೆರೆಯುವುದಕ್ಕೇ ಇಪ್ಪತ್ತೈದು ವರ್ಷ ಕಾಯಬೇಕು. ಕಾಯ್ದೆ ಬರುವ ಮೊದಲಿನ ಅಪರಾಧಗಳೂ ಎಣಿಕೆಗೆ ಸೇರುತ್ತವೆ. ಅಕ್ಕಪಕ್ಕ ಓಡಿದ ಶಿಕ್ಷೆಗಳೂ ಬೇರೆ ಬೇರೆಯಾಗಿಯೇ ಎಣಿಕೆಯಾಗುತ್ತವೆ.

ತೊಂಬತ್ತಾರರಲ್ಲಿ ಕೆಲಸ ಕಳೆದುಕೊಂಡು ಕುಡಿತಕ್ಕೆ ಬಿದ್ದಿದ್ದ ಎಫ್ರೆನ್, ಬಾದಾಮಿ ತೋಟವೊಂದರಿಂದ ನೀರಿನ ಕೊಳವೆಯ ಮೂರು ಹಿತ್ತಾಳೆ ವಾಲ್ವ್ ಬಿಚ್ಚಿ ಗುಜರಿಗೆ ಹಾಕಿದ. ತೋಟದ ಮಾಲೀಕ ಮೆಂಡೋನ್ಸಾಗೆ ವಾಲ್ವ್‌ಗಳು ಮೂರೇ ದಿನದಲ್ಲಿ ವಾಪಸ್ಸು ಸಿಕ್ಕಿದವು. ತಪ್ಪಿತಸ್ಥ ಎಂದು ಹೇಳಿದ ಜ್ಯೂರಿಯ ಹನ್ನೆರಡು ಮಂದಿಗೆ ಶಿಕ್ಷೆ ಎಷ್ಟೆಂಬುದನ್ನು ಯಾರೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಶಿಕ್ಷೆ ಹೇಳಿದ ದಿನ ಮುದುಕ ಮೆಂಡೋನ್ಸಾ ಕೋರ್ಟಿನ ವರಾಂಡದಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ಕೂಗಾಡಿದ್ದು ನನ್ನ ಕಿವಿಯಲ್ಲಿದೆ. ‘ಏನ್ರೀ ಇದು? ನನ್ನ ವಾಲ್ವ್ ನನಗೆ ಸಿಕ್ತಲ್ರೀ! ಬುದ್ಧಿ ಬರ್ಲಿ ಅಂತ ಒಂದು ವರ್ಷ ಹಾಕಿ ಅಂದಿದ್ದೆ. ಇಪ್ಪತ್ತೈದು ಅಂದ್ರೆ ನಾನೇ ಇರಲ್ಲ ಕಣ್ರೀ, ನನ್ನ ಮರಾನೂ ಇರಲ್ಲ!’

ಆಗ ಅವನ ಪರ ವಾದಿಸಿದವಳು ನಾನಲ್ಲ. ಕಡತ ಮೊದಲು ನನ್ನ ಮೇಜಿಗೇ ಬಂದಿತ್ತು. ಹೆಸರು ಓದಿದೆ. ಹಳೆಯ ಅಪರಾಧಗಳ ಪುಟ ತೆಗೆದು ಅಲ್ಲಿ ಒಂದೇ ದಿನಾಂಕ ಎರಡು ಸಲ ಇರುವುದನ್ನು ನೋಡಿದೆ. ಕೆಲಸದ ಹೊರೆ ಜಾಸ್ತಿಯಾಗಿದೆ ಎಂದು ಹೇಳಿ ಪಕ್ಕದ ಮೇಜಿಗೆ ದಾಟಿಸಿದೆ.

ಇದು ನಾನು ಬರೆದು ತಂದಿರುವ ಪುಟದಲ್ಲಿ ಇಲ್ಲ.

ಓಫೆಲಿಯಾ ಅವರು ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ವರ್ಷ ಮಗನ ಹುಟ್ಟುಹಬ್ಬದ ಮಾರನೆಯ ದಿನ ನನ್ನ ಕಚೇರಿಗೆ ಬರುತ್ತಿದ್ದರು. ಬೈಯಲು ಬರುತ್ತಿರಲಿಲ್ಲ, ಅಳಲೂ ಬರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಕಪ್ಪು ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು, ಒಂದೇ ಪ್ರಶ್ನೆ ಕೇಳುತ್ತಿದ್ದರು. ‘ಲಾಯರಮ್ಮ, ನಾನು ಓದಿದೋಳಲ್ಲ. ತಿಳಿಯೋ ಹಾಗೆ ಹೇಳಿ. ಒಂದೇ ಮನೆ, ಒಂದೇ ದಿನ, ಒಬ್ಬನೇ ಹುಡುಗ. ಎರಡನೇದು ಎಲ್ಲಿಂದ ಬಂತು?’

ನಾನು ವಿವರಿಸುತ್ತಿದ್ದೆ. ಕಾಗದದ ಮೇಲೆ ಮನೆಯ ಚಿತ್ರ ಬಿಡಿಸಿ ಗೋಡೆ ಎಳೆದು ತೋರಿಸುತ್ತಿದ್ದೆ. ಎರಡು ಬಾಗಿಲು, ಇಬ್ಬರು ಬಾಡಿಗೆದಾರರು, ಎರಡು ಆರೋಪ. ಅವರು ಶ್ರದ್ಧೆಯಿಂದ ಕೇಳಿ, ‘ಸರಿ ಲಾಯರಮ್ಮ, ಉಪಕಾರ ಆಯ್ತು’ ಎಂದು ಎದ್ದು ಹೋಗುತ್ತಿದ್ದರು. ಮುಂದಿನ ವರ್ಷ ಮತ್ತೆ ಅದೇ ದಿನ, ಅದೇ ಕುರ್ಚಿ, ಅದೇ ಪ್ರಶ್ನೆ. ಹದಿನೇಳು ವರ್ಷ. ನನ್ನ ಉತ್ತರ ಅರ್ಥವಾಗಲಿಲ್ಲ ಎಂದು ಅವರು ಮತ್ತೆ ಮತ್ತೆ ಬರುತ್ತಿದ್ದಾರೆ ಎಂದುಕೊಂಡಿದ್ದೆ. ಅರ್ಥವಾಗಿದ್ದರಿಂದಲೇ ಬರುತ್ತಿದ್ದರು ಎಂಬುದು ನನ್ನಂಥ ಬುದ್ಧಿವಂತೆಗೆ ಬಹಳ ತಡವಾಗಿ ಹೊಳೆಯಿತು.

ಎರಡು ವರ್ಷದ ಹಿಂದೆ ನಮ್ಮ ರಾಜ್ಯದ ಜನರೇ ಮತ್ತೆ ಮತ ಹಾಕಿ ಕಾಯ್ದೆಯನ್ನು ಮೃದುಗೊಳಿಸಿದರು. ಮೂರನೆಯ ಅಪರಾಧ ಗಂಭೀರವಲ್ಲದಿದ್ದರೆ, ಮನುಷ್ಯ ಈಗ ಅಪಾಯಕಾರಿಯಲ್ಲದಿದ್ದರೆ, ಶಿಕ್ಷೆಯನ್ನು ಮತ್ತೊಮ್ಮೆ ಅಳೆಯಬಹುದು. ಹೆದರಿಕೆಯಿಂದ ಕಟ್ಟಿದ ಗಂಟನ್ನು ಅದೇ ಜನ ತಮ್ಮ ಕೈಯಿಂದಲೇ ಸಡಿಲಿಸಿದರು. ಮೂವತ್ತಾರು ವರ್ಷದ ಕೆಲಸದಲ್ಲಿ ಮನುಷ್ಯರ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನ ಬೇರೆ ಇಲ್ಲ. ಮಾರನೆಯ ಬೆಳಿಗ್ಗೆಯೇ ಎಫ್ರೆನ್‌ನ ಅರ್ಜಿ ಬರೆಯಲು ಕುಳಿತೆ. ಈ ಸಲ ಕಡತವನ್ನು ಪಕ್ಕದ ಮೇಜಿಗೆ ದಾಟಿಸಲಿಲ್ಲ.

ವಿಚಾರಣೆಯಲ್ಲಿ ಎದುರು ಪಕ್ಷದವರಿಗೆ ಸಿಕ್ಕಿದ್ದು ಒಂದೇ ಒಂದು ದೂರು. ಜೈಲಿನ ಅಡುಗೆಮನೆಯಲ್ಲಿ ಎಫ್ರೆನ್ ಹುದುಗು ಬಂದ ಹಿಟ್ಟನ್ನು ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಹುದುಗು ಎಂದರೆ ಜೈಲಿನಲ್ಲಿ ಸಾರಾಯಿ ಎಂದರ್ಥ. ಅಲ್ಲಿ ಅವನು ಕುಡಿತ ಬಿಟ್ಟು ಬ್ರೆಡ್ ಮಾಡುವುದನ್ನು ಕಲಿತಿದ್ದ ಎಂದರೆ ಯಾರು ನಂಬುತ್ತಾರೆ? ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿ, ‘ಸಾರಾಯಿ ಮಾಡ್ತಿದ್ರಾ?’ ಎಂದರು. ಎಫ್ರೆನ್ ಎದ್ದು ನಿಂತು, ‘ಇಲ್ಲ ಮೇಡಂ. ಸಾರಾಯಿ ಆಗಿದ್ರೆ ಕಾವಲಿನವರು ಹಿಡ್ಕೊಡ್ತಿದ್ರು. ಬ್ರೆಡ್ ಆಗಿದ್ದಕ್ಕೆ ಇನ್ನೊಂದು ಚೂರು ಕೊಡಪ್ಪ ಅಂತಿದ್ರು’ ಎಂದ. ‘ಮತ್ತೆ ದೂರು ಯಾಕೆ ಬಂತು?’ ‘ಹೊಸ ಕಾವಲುಗಾರ ಬಂದಿದ್ದ ಮೇಡಂ, ಅವನಿಗೆ ಬ್ರೆಡ್ ಆಗಲ್ಲ.’ ಇಡೀ ಕೋರ್ಟು ನಕ್ಕಿತು. ನಾನು ಮಾತ್ರ ಮೇಜಿನ ಕೆಳಗೆ ಬೆರಳು ಹಿಸುಕಿಕೊಳ್ಳುತ್ತಿದ್ದೆ. ಆದೇಶ ಹೊರಬಿದ್ದಾಗ ಸಮಯ ಹನ್ನೊಂದು ಗಂಟೆ ಹತ್ತು ನಿಮಿಷ. ಆಗಲೇ ಅನುಭವಿಸಿದ್ದ ಹದಿನೇಳು ವರ್ಷ ಸಾಕಾಯಿತು. ಬಿಡುಗಡೆ, ಅದರ ಮೇಲೆ ಮೂರು ವರ್ಷ ಪೆರೋಲ್, ಅಂದರೆ ಹೊರಗಿದ್ದೂ ಸರಕಾರದ ಕಣ್ಗಾವಲು.

ಈಗ ಅವನು ಸ್ಟೇಷನ್ ಬೀದಿಯ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ಮೊದಲ ತಿಂಗಳು ಪೆರೋಲ್ ನಿಯಮದ ಪ್ರಕಾರ ಆರು ಗಂಟೆಗೆ ಮುಂಚೆ ಮನೆಯಿಂದ ಹೊರಡುವಂತಿರಲಿಲ್ಲ, ಬೇಕರಿಯ ಒಲೆ ಹೊತ್ತುವುದು ನಾಲ್ಕಕ್ಕೆ. ಪೆರೋಲ್ ಅಧಿಕಾರಿಗಳು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳಿದರೆ ನಾಚಿಕೊಳ್ಳುತ್ತಾರೆ. ಎಫ್ರೆನ್ ಅವರ ಮುಂದೆ ನಿಂತು, ‘ಸಾರ್, ನಾನು ನಿಮ್ಮ ಮಾತು ಕೇಳ್ತೀನಿ, ಹಿಟ್ಟು ಕೇಳಲ್ಲ’ ಎಂದನಂತೆ. ಅವರು ಒಂದು ದಿನ ತಾವೇ ನಾಲ್ಕು ಗಂಟೆಗೆ ಬೇಕರಿಗೆ ಹೋಗಿ ನಿಂತು ನೋಡಿ, ಅನುಮತಿಯ ಕಾಗದ ಬರೆದುಕೊಟ್ಟರು. ಇಂಥ ಅಧಿಕಾರಿಗಳೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಅವರಿಗೊಂದು ಚಪ್ಪಾಳೆ ಬೇಡವೇ?

ಸಂತೋಷ. ಆದರೆ ಪೆರೋಲ್ ಮುಗಿಯಲು ಇನ್ನೂ ಒಂದೂವರೆ ವರ್ಷ ಬಾಕಿ ಇದೆ. ಅಲ್ಲಿಯವರೆಗೆ ಎಫ್ರೆನ್ ರಾಜ್ಯದ ಗಡಿ ದಾಟುವಂತಿಲ್ಲ. ಓಫೆಲಿಯಾ ಅವರ ಅಕ್ಕ ದೇಶದ ಗಡಿಯಾಚೆ ಮಿಚೋಕಾನಿನ ಒಂದು ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಾರೆ, ತೊಂಬತ್ತರ ಹತ್ತಿರ. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡಿ ಮೂವತ್ತು ವರ್ಷವಾಯಿತು. ‘ನೀವೊಬ್ಬರೇ ಹೋಗಿ ಬನ್ನಿ, ವಿಮಾನ ಹತ್ತಿಸುತ್ತೇನೆ’ ಎಂದೆ. ಅವರು ಏನೆಂದರು ಗೊತ್ತೇ? ‘ಹದಿನೇಳು ವರ್ಷ ಅಕ್ಕ ಫೋನಲ್ಲಿ, ಮಗ ಹೇಗಿದಾನೆ ಅಂತ ಕೇಳಿದ್ಲು. ಚೆನ್ನಾಗಿದಾನೆ, ಕೆಲಸ ಜಾಸ್ತಿ ಅಂತ ಸುಳ್ಳು ಹೇಳ್ದೆ. ಈಗ ಅವನ್ನ ಕರ್ಕೊಂಡ್ ಹೋಗಿ ಮುಂದೆ ನಿಲ್ಲಿಸ್ಬೇಕು ಲಾಯರಮ್ಮ. ಬರೀ ಕೈಲಿ ಹೇಗೆ ಹೋಗ್ಲಿ?’

ಉಳಿದ ಪೆರೋಲನ್ನು ಮನ್ನಾ ಮಾಡಿ ಎಂದು ಅರ್ಜಿ ಹಾಕಿದ್ದೇವೆ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಮೂರನೆಯ ಕೋರ್ಟಿನಲ್ಲಿ ವಿಚಾರಣೆ. ಸಿಗಬೇಕಾದ್ದಕ್ಕಿಂತ ಬಹಳ ಹೆಚ್ಚು ವರ್ಷ ಅವನು ಒಳಗಿದ್ದ ಎಂಬುದು ಮನದಟ್ಟಾದರೆ ನ್ಯಾಯಾಲಯ ಒಪ್ಪಬಹುದು. ಅರ್ಜಿಯ ಜೊತೆ ನಾನು ಆಣೆ ಮಾಡಿ ಒಂದು ಪ್ರಮಾಣಪತ್ರ ಬರೆದುಕೊಟ್ಟಿದ್ದೇನೆ. ‘ಎಂಬತ್ತಾರರಲ್ಲಿ, ಆ ಕಾಲದ ರೂಢಿಯಂತೆ, ಎರಡೂ ಆರೋಪ ಒಪ್ಪಿಕೊಳ್ಳಲು ಸಲಹೆ ನೀಡಿದೆ.’ ಅದು ಸುಳ್ಳಲ್ಲ. ಸುಳ್ಳಲ್ಲದ್ದನ್ನು ಬರೆಯುವುದರಲ್ಲಿ ನನಗೆ ಮೂವತ್ತಾರು ವರ್ಷದ ಅಭ್ಯಾಸವಿದೆ.

ಮೂರನೆಯ ಪುಟದಲ್ಲಿ ನಿಮಗೆಲ್ಲ ಕೃತಜ್ಞತೆ ಸಲ್ಲಿಸುವ ಮಾತುಗಳಿವೆ. ಅದನ್ನು ಮಡಿಸಿ ಇಡುತ್ತೇನೆ. ಅಧ್ಯಕ್ಷರು ಕ್ಷಮಿಸಬೇಕು. ಈ ಸಂಜೆಯ ಊಟದ ಕೊನೆಯಲ್ಲಿ ನಿಮ್ಮೆಲ್ಲರ ಮುಂದೆ ನಿಂಬೆ ಪೈ ಇಟ್ಟಿದ್ದಾರೆ. ಸಂಘದವರು ಎಫ್ರೆನ್‌ನ ಬೇಕರಿಯಿಂದಲೇ ತರಿಸಿದ್ದಾರೆ, ಒಳ್ಳೆಯ ಮನಸ್ಸಿನಿಂದ. ನನ್ನ ತುಂಡು ಹಾಗೆಯೇ ಇದೆ. ತೊಂಬತ್ತಾರರಿಂದ ನಾನು ಅದನ್ನು ಮುಟ್ಟಿಲ್ಲ.

ಎಂಬತ್ತಾರರ ಆ ಶುಕ್ರವಾರ ನನ್ನ ಕೈಯಲ್ಲಿ ಹನ್ನೊಂದು ಪ್ರಕರಣಗಳಿದ್ದವು. ಹನ್ನೊಂದೂಮುಕ್ಕಾಲಿಗೆ ಹತ್ತು ಮುಗಿಸಿದ್ದೆ. ಇನ್ನೊಬ್ಬ ವಕೀಲನೂ ಹತ್ತು ಮುಗಿಸಿದ್ದ. ಉಳಿದದ್ದು ಎಫ್ರೆನ್‌ನದು. ಎದುರು ಪಕ್ಷದ ಯುವ ಅಭಿಯೋಜಕ ನನ್ನ ಹತ್ತಿರ ಬಂದು ಮೆಲ್ಲಗೆ, ‘ನೊರೀನ್, ಒಂದೇ ಮನೆ ಇದು, ಎರಡು ಆರೋಪ ಯಾಕೆ? ಎರಡನೇದನ್ನ ಬಿಟ್ಬಿಡೋಣ. ಆದ್ರೆ ನಮ್ಮ ಮೇಲಿನವರ ಸಹಿ ಬೇಕು, ಅವರು ಇವತ್ತು ರಜ. ಸೋಮವಾರ ಬೆಳಿಗ್ಗೆ ಬಾ’ ಎಂದ.

ಸೋಮವಾರ. ಎರಡು ದಿನ ಮೂರು ರಾತ್ರಿ. ನಾನು ಗಡಿಯಾರ ನೋಡಿದೆ. ‘ಹೋಗ್ಲಿ ಬಿಡೋ ವಾರನ್. ಎರಡೂ ಒಟ್ಟಿಗೇ ಓಡುತ್ತಲ್ಲ, ಏನು ವ್ಯತ್ಯಾಸ?’ ಎಂದೆ. ಹೌದು, ಆ ಯುವ ಅಭಿಯೋಜಕ ಇಂದಿನ ಅಧ್ಯಕ್ಷರು. ಎಫ್ರೆನ್ ನನ್ನ ತೋಳು ಮುಟ್ಟಿ, ‘ಮೇಡಂ, ಎರಡಕ್ಕೂ ಹೂಂ ಅನ್ಲಾ?’ ಎಂದು ಕೇಳಿದ. ‘ಅನ್ನು. ಒಂದು ದಿನಾನೂ ಜಾಸ್ತಿ ಆಗಲ್ಲ’ ಎಂದೆ. ಆ ದಿನದ ಮಟ್ಟಿಗೆ ಅದು ನಿಜವೇ. ಕಾನೂನು ನಾಳೆ ಬದಲಾಗಬಹುದು ಎಂದು ಯೋಚಿಸುವುದು ವಕೀಲೆಯ ಕೆಲಸ, ನಾನು ಪೈಯನ್ನು ಯೋಚಿಸುತ್ತಿದ್ದೆ. ಮೊದಲ ತುಂಡು ನನಗೇ ಬಂತು. ಚಪ್ಪಾಳೆಯೂ ಬಂತು. ಬಹಳ ರುಚಿಯಾಗಿತ್ತು. ಹತ್ತು ವರ್ಷ ಅದನ್ನು ನಾನು ನೆನೆಯಲೂ ಇಲ್ಲ.

ಸೋಮವಾರದವರೆಗೆ ಕಾದಿದ್ದರೆ ಅವನ ಹೆಸರಿನ ಮುಂದೆ ಒಂದೇ ಗುರುತು ಇರುತ್ತಿತ್ತು. ಮೂರು ವಾಲ್ವಿಗೆ ನಾಲ್ಕು ವರ್ಷ ಬೀಳುತ್ತಿತ್ತು, ಹೆಚ್ಚೆಂದರೆ ಆರು. ಹದಿಮೂರು ವರ್ಷದ ಹಿಂದೆಯೇ ಅವನು ತಾಯಿಯನ್ನು ಕರೆದುಕೊಂಡು ಹಳ್ಳಿಗೆ ಹೋಗಿ ಬಂದಿರುತ್ತಿದ್ದ.

ಓಫೆಲಿಯಾ ಅವರೇ, ನೀವು ಹದಿನೇಳು ಸಲ ಕೇಳಿದಿರಿ. ನಾನು ಹದಿನೇಳು ಸಲ ಗೋಡೆಯ ಚಿತ್ರ ಬಿಡಿಸಿ ತೋರಿಸಿದೆ. ಎರಡನೆಯದು ಆ ಗೋಡೆಯಿಂದ ಬರಲಿಲ್ಲ, ಕಾಯ್ದೆಯಿಂದಲೂ ಬರಲಿಲ್ಲ. ಎರಡನೆಯದು ನನ್ನಿಂದ ಬಂತು. ಎಫ್ರೆನ್, ನನ್ನನ್ನು ಕ್ಷಮಿಸು ಎಂದು ನಾಲ್ಕು ಜನರ ಮುಂದೆ ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ನೀನು ಇಲ್ಲ ಎಂದರೂ ಸರಿ, ಏನೂ ಹೇಳದಿದ್ದರೂ ಸರಿ. ಆದರೆ ಇದು ನಿನಗೆ ಗೊತ್ತಿರಬೇಕಾಗಿತ್ತು. ಬಹಳ ಹಿಂದೆಯೇ ಗೊತ್ತಿರಬೇಕಾಗಿತ್ತು.

ನನ್ನ ಪ್ರಮಾಣಪತ್ರವನ್ನು ನಾಳೆ ಬೆಳಿಗ್ಗೆ ಕುಳಿತು ಮತ್ತೆ ಬರೆಯುತ್ತೇನೆ. ‘ರೂಢಿಯಂತೆ’ ಎಂಬ ಮಾತು ತೆಗೆದು, ಆ ಮಾತು ಮುಚ್ಚಿಟ್ಟಿದ್ದನ್ನೆಲ್ಲ ಬರೆಯುತ್ತೇನೆ, ಪೈಯನ್ನೂ ಸೇರಿಸಿ. ಇಂದಿಗೆ ನನ್ನ ವಕೀಲಿಕೆ ಮುಗಿಯಿತು, ಆದ್ದರಿಂದ ಸೋಮವಾರ ನಾನು ಬರುವುದು ಸಾಕ್ಷಿಯಾಗಿ. ಅಧ್ಯಕ್ಷರೇ, ನೀವು ನ್ಯಾಯಾಧೀಶರು, ಈ ಪ್ರಕರಣ ನಿಮ್ಮ ಮುಂದೆ ಇಲ್ಲ. ನಿಮ್ಮಿಂದ ನಾನು ಏನನ್ನೂ ಕೇಳುತ್ತಿಲ್ಲ. ಎಂಬತ್ತಾರರ ನಿಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನು ನೀವು ಎಸೆಯುವವರಲ್ಲ ಎಂಬುದು ಮಾತ್ರ ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅಧ್ಯಕ್ಷರು ಹೌದೆಂದು ತಲೆಯಾಡಿಸುತ್ತಿದ್ದಾರೆ. ಯುವ ವಕೀಲರು ಗಮನಿಸಬೇಕು, ತಲೆಯಾಡಿಸುವುದು ಸಾಕ್ಷ್ಯವಲ್ಲ. ಆದರೂ ನನಗೆ ಇಷ್ಟು ಧೈರ್ಯ ಬಂದು ಬಹಳ ವರ್ಷವಾಗಿತ್ತು.

ಯುವ ವಕೀಲರೇ, ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಬೇಡಿಕೆ ಇದೆ. ನಿಮ್ಮ ಪಕ್ಕದಲ್ಲಿ ನಿಂತವನು ತೋಳು ಮುಟ್ಟಿ ಏನಾದರೂ ಕೇಳಿದರೆ, ಗಡಿಯಾರ ನೋಡಬೇಡಿ, ಅವನನ್ನು ನೋಡಿ. ಸೋಮವಾರ ಬಾ ಎಂದು ಯಾರಾದರೂ ಹೇಳಿದರೆ ಸೋಮವಾರ ಹೋಗಿ. ನಾನು ಇಪ್ಪತ್ತೆಂಟು ವರ್ಷ ತಡವಾಗಿ ಹೋಗುತ್ತಿದ್ದೇನೆ, ಎಂಟು ಗಂಟೆಗೇ ಬಾಗಿಲಲ್ಲಿ ನಿಂತಿರುತ್ತೇನೆ.

ಕಾರ್ಯದರ್ಶಿಗಳು ಗಂಟೆ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಇಲ್ಲಿಂದ ಒಂಬತ್ತನೆಯ ಮೇಜು ಚೆನ್ನಾಗಿ ಕಾಣುತ್ತದೆ. ಎಫ್ರೆನ್ ತಟ್ಟೆಯನ್ನೇ ನೋಡುತ್ತಿದ್ದಾನೆ, ಅವನಿಗೆ ಸಮಯ ಬೇಕು, ಬೇಕಾದಷ್ಟು ತೆಗೆದುಕೊಳ್ಳಲಿ. ಓಫೆಲಿಯಾ ಅವರು ಪಕ್ಕದ ಕುರ್ಚಿಯ ಮೇಲಿದ್ದ ಕಪ್ಪು ಕೈಚೀಲವನ್ನು ಎತ್ತಿ ನೆಲದ ಮೇಲೆ ಇಡುತ್ತಿದ್ದಾರೆ. ಹದಿನೇಳು ವರ್ಷ ನನ್ನ ಕಚೇರಿಯಲ್ಲಿ ಅವರು ಆ ಚೀಲವನ್ನು ಕೆಳಗಿಟ್ಟಿದ್ದನ್ನು ನಾನು ನೋಡಿಲ್ಲ. ಈಗ ಆ ಖಾಲಿ ಕುರ್ಚಿಯನ್ನು ಹಿಂದಕ್ಕೆಳೆದು ನನ್ನ ಕಡೆ ನೋಡುತ್ತಿದ್ದಾರೆ.

ಅಧ್ಯಕ್ಷರೇ, ಪದಾಧಿಕಾರಿಗಳೇ, ಸಭಿಕರೇ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ಫಲಕ ಇಲ್ಲೇ ಇರಲಿ, ಆಮೇಲೆ ಬಂದು ತೆಗೆದುಕೊಳ್ಳುತ್ತೇನೆ. ನನ್ನ ಪೈ ತಟ್ಟೆಯನ್ನು ಒಂಬತ್ತನೆಯ ಮೇಜಿಗೆ ಕಳುಹಿಸಿಕೊಡಿ. ಅಲ್ಲಿ ನನಗೊಂದು ಕುರ್ಚಿ ಖಾಲಿಯಾಗಿದೆ.

ಎಲ್ಲರಿಗೂ ನಮಸ್ಕಾರ.